ಹೊಸ ಸಿನಿಮಾ ಮನೆಯಲ್ಲೋ, ಥಿಯೇಟರಲ್ಲೋ? ಅನುಭವ ಇದ್ದವರು ಹೇಳಿ

ಕೇಳಿದವರು: ಮನೆಯಲ್ಲಿ ಮೂರು ವರ್ಷದ ಮಗು, ಕಿವಿ ಮಂದವಾಗಿರುವ ಅತ್ತೆ. ಥಿಯೇಟರ್ ಮುಖ ನೋಡಿ ಎರಡು ವರ್ಷವಾಯ್ತು. ದೊಡ್ಡ ಟಿವಿ ತಗೊಂಡು ಓಟಿಟಿಗೆ ಬರೋವರೆಗೆ ಕಾಯೋದಾ, ಹೇಗಾದರೂ ಬಿಡುವು ಮಾಡಿಕೊಂಡು ಹೋಗೋದಾ?

ಪ್ರೊಜೆಕ್ಟರ್ ಕೊಂಡವನು: ಎರಡು ತಿಂಗಳ ಸಂಬಳ ಸುರಿದಿದ್ದೇನೆ, ಕೇಳಿ. 120 ಇಂಚಿನ ಪರದೆಯ ಆಸೆ. ನನ್ನ ಲೆನ್ಸಿಗೆ ಅದಕ್ಕೆ 4 ಮೀಟರ್ ದೂರ ಬೇಕು, ಕೋಣೆಯಲ್ಲಿ ಸಿಕ್ಕಿದ್ದು 3. ಹಾಗಾಗಿ 90 ಇಂಚಿಗೇ ನಿಂತಿತು. ಛಾವಣಿಗೆ ಎರಡು ಸಲ ತೂತು ಕೊರೆಸಿದೆ. ಚಿತ್ರ, ಧ್ವನಿ ಸಾಗಿಸೋ 10 ಮೀಟರಿನ ಮಾಮೂಲಿ ಎಚ್‌ಡಿಎಂಐ ಕೇಬಲ್ಲಿನಲ್ಲಿ 4ಕೆ, ಅಂದರೆ ತುಂಬ ಸ್ಪಷ್ಟವಾದ ಚಿತ್ರ, ಹಾಕಿದರೆ ಚಿತ್ರ ಬಂದು ಬಂದು ಹೋಗುತ್ತಿತ್ತು. ಗೋಡೆಯೊಳಗೆ ಹಾಕಿದ್ದನ್ನು ಕಿತ್ತು, ಬೆಳಕಿನ ಮೂಲಕ ಸಾಗಿಸೋ ಆಪ್ಟಿಕಲ್ ಕೇಬಲ್ ಹಾಕಿಸಿದೆ. ಬ್ಲೂಟೂತ್ ಸ್ಪೀಕರಿನಲ್ಲಿ ತುಟಿ ಮುಂದೆ, ಮಾತು ಹಿಂದೆ. ಅದನ್ನೂ ಬದಲಿಸಿದೆ. ಹಗಲು ನೋಡೋಕೆ ಕಿಟಕಿಗೆ ಎರಡು ಪದರದ ಪರದೆ ಬಟ್ಟೆ ಬೇರೆ. ಆದರೂ ಇವತ್ತು ಯಾರು ಕರೆದರೂ ನಾನು ಥಿಯೇಟರಿಗೆ ಹೋಗಲ್ಲ.

ಕೊನೆ ಸಾಲಿನವನು: ಇಷ್ಟೆಲ್ಲ ಮಾಡಿ ನೀವು ನೋಡ್ತಿರೋದು ಏನು? ಓಟಿಟಿಯ 4ಕೆ ಚಿತ್ರಕ್ಕೆ ಸೆಕೆಂಡಿಗೆ ಹೆಚ್ಚೂಕಡಿಮೆ 15-25 ಮೆಗಾಬಿಟ್ ಡೇಟಾ. ಥಿಯೇಟರಿನ ಡಿಜಿಟಲ್ ಪ್ರತಿಗೆ 250ರವರೆಗೂ ಅವಕಾಶ ಇದೆ. ಕತ್ತಲ ದೃಶ್ಯದಲ್ಲಿ ಆಕಾಶ ಪಟ್ಟೆ ಪಟ್ಟೆಯಾಗಿ ಕಾಣೋದು ಸುಮ್ಮನೆ ಅಲ್ಲ. ನಾನೂ ಒಂದು ಸಿನಿಮಾಕ್ಕೆ ಏಳು ವಾರ ಕಾದೆ. ಮೂರನೇ ದಿನವೇ ಆಫೀಸಿನಲ್ಲೊಬ್ಬ ಕ್ಲೈಮ್ಯಾಕ್ಸ್ ಹೇಳಿಬಿಟ್ಟ. ಆ ಸಂಕಟ ಇನ್ನೂ ಹೋಗಿಲ್ಲ. ಆಮೇಲಿಂದ ಮೊದಲ ವಾರವೇ ಹೋಗೋದು, ಒಬ್ಬನೇ ಆದರೂ ಸರಿ.

ಪ್ರೊಜೆಕ್ಟರ್ ಕೊಂಡವನು: ಅರ್ಧ ತಿಳಿದು ಅಂಕಿ ಎಸೀಬೇಡಿ. ಥಿಯೇಟರಿನ ಪ್ರತಿ ಇರೋದು ಜೆಪೆಗ್ 2000 ಅನ್ನೋ ಚಿತ್ರ ಕುಗ್ಗಿಸೋ ವಿಧಾನದಲ್ಲಿ. ಸೆಕೆಂಡಿನ 24 ಫ್ರೇಮನ್ನೂ, ಅಂದರೆ ಒಂದೊಂದು ಬಿಡಿ ಚಿತ್ರವನ್ನೂ, ಬೇರೆ ಬೇರೆಯಾಗಿ ಕುಗ್ಗಿಸ್ತಾರೆ. ಓಟಿಟಿಯಲ್ಲಿ ಹಿಂದಿನ ಫ್ರೇಮಿಗಿಂತ ಬದಲಾದದ್ದನ್ನು ಮುಖ್ಯವಾಗಿ ಕಳಿಸ್ತಾರೆ. ಎರಡನ್ನೂ ಒಂದೇ ತಕ್ಕಡಿಗೆ ಹಾಕೋಕಾಗಲ್ಲ.

ಕೊನೆ ಸಾಲಿನವನು: ಆಕಾಶದ ಪಟ್ಟೆಗೆ ಉತ್ತರ ಕೊಡಿ. ಅದನ್ನು ಹಾರಿಸಿಬಿಟ್ರಿ.

ಎರಡು ಮಕ್ಕಳ ತಾಯಿ: ಅವರು ಕೇಳಿದ್ದು ಮಗು ಇರೋ ಮನೆಯ ವಿಷಯ. ನಾನು ಒಂದೂವರೆ ವರ್ಷದ ಮಗು ಎತ್ಕೊಂಡು ಹೋಗಿ ನಲವತ್ತು ನಿಮಿಷ ನೋಡಿದೆ. ಉಳಿದದ್ದೆಲ್ಲ ಬಾಗಿಲಾಚೆ ನಿಂತು ಗೋಡೆಯ ಮೂಲಕ ಕೇಳಿದೆ. ಮುಂದಿನ ಸೀಟಿನವರು ತಿರುಗಿ ನೋಡಿದ ನೋಟ ಇವತ್ತಿಗೂ ಚುಚ್ಚುತ್ತೆ. ಮನೆಯಲ್ಲಿ ಎರಡು ಗಂಟೆಯ ಸಿನಿಮಾ ಮೂರು ರಾತ್ರಿ ಹಿಡಿಯುತ್ತೆ, ನಿಜ. ಆದರೆ ಸಬ್‌ಟೈಟಲ್ ಹಾಕ್ಕೊಂಡು ನನ್ನ ತಾಯಿಯೂ ಜೊತೆಗೆ ಕೂತು ನೋಡ್ತಾರೆ.

ಕೊನೆ ಸಾಲಿನವನು: ಮೂರು ರಾತ್ರಿಗೆ ಕತ್ತರಿಸಿದರೆ ಅದು ಸಿನಿಮಾ ನೋಡಿದ ಹಾಗಾ?

ಎರಡು ಮಕ್ಕಳ ತಾಯಿ: ಮಗು ಮಲಗಿಸಿ ಎದ್ದು ಬಂದು ನೋಡೋರಿಗೆ ಈ ಮಾತು ಹೇಳಬೇಡಿ.

ಟಿವಿ ಜೋಡಿಸುವವನು: ಯಾರೂ ಹೇಳದ್ದು: ಹೊಸ ಟಿವಿ ಬಂದ ದಿನವೇ ಮೋಷನ್ ಸ್ಮೂದಿಂಗ್ ಆಫ್ ಮಾಡಿ. ಇಲ್ಲದ ಫ್ರೇಮ್ ಸೇರಿಸಿ ಸಿನಿಮಾನ ಧಾರಾವಾಹಿ ಥರ ಮಾಡುತ್ತೆ.

ಪ್ರೊಜೆಕ್ಟರ್ ಕೊಂಡವನು: ಪೂರ್ತಿ ಆಫ್ ಯಾಕೆ? ಕ್ಯಾಮೆರಾ ಅಡ್ಡ ತಿರುಗುವಾಗ ಚಿತ್ರ ನಡುಗುತ್ತೆ. ನಾನು ಕಡಿಮೆ ಮಟ್ಟದಲ್ಲಿ ಇಟ್ಟಿದ್ದೇನೆ.

ಟಿವಿ ಜೋಡಿಸುವವನು: ಕಡಿಮೆಯಲ್ಲೂ ಬೇಡ. ನೂರಾರು ಮನೆಯಲ್ಲಿ ನಾನೇ ಆಫ್ ಮಾಡಿ ಬಂದಿದ್ದೇನೆ.