ಕ್ಯಾಂಪರ್ ಗಾಡಿ: ಚಾರ್ಜರ್ ಫುಲ್ ಅಂತ ತೋರ್ಸುತ್ತೆ, ರಾತ್ರಿ ಫ್ರಿಜ್ ಆಫ್ ಆಗುತ್ತೆ

ಮಳೆಗಾಡಿ, ಹೊಸನಗರ:
ಎಲ್ಲರಿಗೂ ನಮಸ್ಕಾರ. ಹಳೇ ಟ್ರಾವೆಲರ್ ವ್ಯಾನ್ ಒಂದನ್ನ ಕ್ಯಾಂಪರ್ (ಒಳಗೇ ಉಳ್ಕೊಂಡು ಮಲಗೋ ಗಾಡಿ) ಮಾಡ್ಕೊಂಡಿದೀವಿ. ಇಂಜಿನ್ ಬ್ಯಾಟರಿ ಅದರ ಪಾಡಿಗೆ ಇದೆ, ಒಳಗಿನ ಲೈಟು ಫ್ಯಾನು 12 ವೋಲ್ಟ್ ಫ್ರಿಜ್‌ಗೆ ಅಂತ 150 ಎಎಚ್ (ಆಂಪಿಯರ್-ಅವರ್) ಟ್ಯೂಬುಲರ್ ಬ್ಯಾಟರಿ, ನೀರು ಹಾಕೋ ಲೆಡ್ ಆ್ಯಸಿಡ್ದು, ಬೇರೆ ಹಾಕಿದ್ದು. ಬೇಸಿಗೇಲಿ ಸೋಲಾರೇ ಸಾಕಾಗ್ತಿತ್ತು, ಈಗ ಜಡಿಮಳೆ ಹಿಡಿದ್ಮೇಲೆ ಮೋಡ ಬಿಡೋದೇ ಇಲ್ಲ, ಪ್ಯಾನಲ್‌ನಿಂದ ಒಂದೆರಡು ಆಂಪ್ಸ್ ಬಂದ್ರೆ ಹೆಚ್ಚು, ಹಂಗಾಗಿ ಮನೆ ಕರೆಂಟಲ್ಲಿ ಚಾರ್ಜ್ ಮಾಡೋಕೆ 20 ಆಂಪ್ಸ್ ಚಾರ್ಜರ್ ಹಾಕ್ಸಿದ್ವಿ. ಪ್ಲಗ್ ಹಾಕಿ ಮೂರ್ನಾಲ್ಕು ಗಂಟೆಗೆ ಹಸಿರು ಲೈಟ್ ಬರುತ್ತೆ. ಪ್ಲಗ್ ತೆಗೆದು ಹೊರಟ್ರೆ ಅವತ್ತು ರಾತ್ರೀನೇ ಫ್ರಿಜ್ ಕಟ್. ಅಮ್ಮನ ಇನ್ಸುಲಿನ್ ಅದ್ರಲ್ಲೇ ಇರೋದು, ಅದೇ ನಂಗೆ ಚಿಂತೆ. ಬ್ಯಾಟರಿ ಹೋಗಿದೆ ಹೊಸದು ಹಾಕ್ಸಿ ಅಂತಿದಾರೆ ಅಂಗಡಿಯವರು. ಎಂತ ಮಾಡೋದು ಹೇಳಿ.

ವೈರ್‌ಮನ್, ಸಾಗರ:
ಬ್ಯಾಟರಿ ಈಗ್ಲೇ ತಗೋಬೇಡಿ ಮಾರಾಯ್ರೆ. ಲೆಕ್ಕ ನೋಡಿ, ಅರ್ಧ ಖಾಲಿ ಆಗಿದ್ರೂ 75 ಎಎಚ್ ವಾಪಸ್ ಹೋಗ್ಬೇಕು, ನಷ್ಟ ಸೇರ್ಸಿದ್ರೆ 85-90. ಪೂರ್ತಿ 20 ಆಂಪ್ಸ್ ಕೊನೇವರೆಗೂ ಹೋದ್ರೇ ನಾಲ್ಕೂವರೆ ಗಂಟೆ ಬೇಕು, ಆದ್ರೆ ಲೆಡ್ ಆ್ಯಸಿಡ್ ಬ್ಯಾಟರಿ ಕೊನೇ 20 ಪರ್ಸೆಂಟ್ ಬಹಳ ನಿಧಾನಕ್ಕೆ ತಗೊಳ್ಳುತ್ತೆ, ಎಂಟು ಗಂಟೆ ಮೇಲೇನೇ ಆಗುತ್ತೆ. ಮೂರ್ನಾಲ್ಕು ಗಂಟೆಗೆ ಫುಲ್ ಅನ್ನೋದು ನಂಬೋ ಮಾತಲ್ಲ. ಒಂದು ಮಲ್ಟಿಮೀಟರ್ ತಗೊಳ್ಳಿ, ಚಾರ್ಜ್ ಜೋರಾಗಿ ಹೋಗ್ತಿರೋವಾಗ್ಲೇ ಚಾರ್ಜರ್ ಟರ್ಮಿನಲ್‌ಲ್ಲಿ ಎಷ್ಟಿದೆ, ಬ್ಯಾಟರಿಯ ಸೀಸದ ಟರ್ಮಿನಲ್ ಮೇಲೇ ಇಟ್ರೆ ಎಷ್ಟಿದೆ, ಎರಡೂ ಬರೀರಿ. ವೈರ್ ಎಷ್ಟು ದಪ್ಪ, ಎಷ್ಟು ಉದ್ದ, ನೆಗೆಟಿವ್ ಎಲ್ಲಿ ಕೊಟ್ಟಿದಾರೆ ಅನ್ನೋದೂ ಬೇಕು.

ಮಳೆಗಾಡಿ:
ಚಾರ್ಜರ್ ಹತ್ರ 14.4, ಬ್ಯಾಟರಿ ಮೇಲೆ 13.5. ಪಾಸಿಟಿವ್‌ಗೆ ಮನೆ ವೈರಿಂಗ್‌ದು 2.5 ಎಂಎಂ (ಸ್ಕ್ವೇರ್ ಎಂಎಂ) ವೈರು, ಮೂರೂವರೆ ಮೀಟರ್ ಇರ್ಬೋದು. ನೆಗೆಟಿವ್ ಚಾಸಿಗೆ (ಗಾಡಿ ಕಬ್ಬಿಣದ ಚೌಕಟ್ಟಿಗೆ) ಬೋಲ್ಟ್ ಹಾಕಿ ಬಿಟ್ಟಿದಾರೆ, ಅಲ್ಲಿ ತುಕ್ಕು ಕಾಣ್ತಿದೆ. ಇನ್ನೊಂದು, ಸಾಕೆಟ್‌ಲ್ಲಿ 185 ವೋಲ್ಟ್ ಅಷ್ಟೇ ಬರ್ತಿದೆ ಸರ್.

ವೈರ್‌ಮನ್, ಸಾಗರ:
ಸಿಕ್ತು ನೋಡಿ. 0.9 ವೋಲ್ಟ್ ದಾರೀಲೇ ಹೋಗ್ತಿದೆ. ಆ 2.5 ಎಂಎಂ ವೈರ್ ಒಂದೇ 20 ಆಂಪ್ಸ್‌ಗೆ ಸುಮಾರು ಅರ್ಧ ವೋಲ್ಟ್ ತಿನ್ನುತ್ತೆ, ಉಳಿದದ್ದು ತುಕ್ಕು ಹಿಡಿದ ಬೋಲ್ಟಲ್ಲಿ. ಚಾರ್ಜರ್‌ಗೆ ಗೊತ್ತಾಗೋದು ತನ್ನ ಟರ್ಮಿನಲ್ ವೋಲ್ಟೇಜ್ ಮಾತ್ರ, ಬ್ಯಾಟರಿ ಇನ್ನೂ 13.5ಲ್ಲಿ ಇರೋವಾಗ್ಲೇ ಅದಕ್ಕೆ 14.4 ಮುಟ್ಟಿದ ಹಾಗೆ ಕಾಣುತ್ತೆ. ಚಾರ್ಜರ್ ತಾಳ್ಮೆಯಿಂದ ಅಲ್ಲೇ ನಿಂತಿದ್ರೆ ಕರೆಂಟ್ ಇಳೀತಾ ಇಳೀತಾ ಈ ವ್ಯತ್ಯಾಸಾನೂ ಇಳಿದು ಹೇಗೋ ತುಂಬ್ತಿತ್ತು, ಆದ್ರೆ ಸುಮಾರು ಚಾರ್ಜರ್‌ಗಳಲ್ಲಿ ಇಷ್ಟು ಹೊತ್ತು ಅಂತ ಟೈಮರ್ ಇರುತ್ತೆ, ಟೈಮ್ ಮುಗಿದ ತಕ್ಷಣ 13.6ರ ಫ್ಲೋಟ್‌ಗೆ (ತುಂಬಿದ ಬ್ಯಾಟರೀನ ಹಂಗೇ ಉಳ್ಸೋ ಕಮ್ಮಿ ವೋಲ್ಟೇಜ್) ಇಳಿದು ಹಸಿರು ಲೈಟ್ ಹಾಕ್ಬಿಡ್ತವೆ. ಹಿಂಗೇ ತಿಂಗಳುಗಟ್ಟಲೆ ಅರ್ಧಂಬರ್ಧ ಚಾರ್ಜ್ ಆದ್ರೆ ಪ್ಲೇಟ್‌ಗೆ ಸಲ್ಫೇಟ್ ಕೂತು ಒಳ್ಳೇ ಬ್ಯಾಟರೀನೂ ನಿಜವಾಗ್ಲೂ ಹೋಗುತ್ತೆ, ಅದಕ್ಕೇ ಬೇಗ ಮಾಡ್ಸಿ.

ಪಾಸಿಟಿವ್ ನೆಗೆಟಿವ್ ಎರಡಕ್ಕೂ 10 ಎಂಎಂ ತಾಮ್ರದ ಮಲ್ಟಿಸ್ಟ್ರಾಂಡ್ ಎಳೀರಿ, ನೆಗೆಟಿವ್ ಚಾಸಿ ನಂಬ್ಕೊಳ್ದೆ ನೇರ ಬ್ಯಾಟರಿಗೆ ಬರ್ಲಿ. ಬ್ಯಾಟರಿ ಪಾಸಿಟಿವ್‌ನಿಂದ ಒಂದು ಗೇಣಿನ ಒಳಗೆ 30 ಆಂಪ್ಸ್ ಫ್ಯೂಸ್ ಇರ್ಲೇಬೇಕು. ಚಾರ್ಜರ್ ಕಡೆ ಫ್ಯೂಸ್ ಇದ್ರೆ ಸಾಲದು, ವೈರ್ ಉಜ್ಜಿ ಬಾಡಿಗೆ ತಗುಲಿದ್ರೆ ಬೆಂಕಿ ಹಚ್ಚೋಷ್ಟು ಕರೆಂಟ್ ಬರೋದು ಬ್ಯಾಟರಿಯಿಂದ. ಲಗ್ (ವೈರ್ ತುದಿಗೆ ಹಾಕೋ ಲೋಹದ ಕೊನೆ) ಟಿನ್ ಮಾಡಿದ್ದು ತಗೊಂಡು ಸರಿಯಾಗಿ ಕ್ರಿಂಪ್ ಮಾಡ್ಸಿ, ಅಂದ್ರೆ ಒತ್ತಿ ಕೂರ್ಸಿ, ಹೀಟ್ ಶ್ರಿಂಕ್ ಹಾಕಿ, ನಮ್ಮ ಕಡೆ ಥಂಡಿಗೆ ಬರೀ ತಾಮ್ರ ಒಂದು ಮಳೆಗಾಲದಲ್ಲೇ ಕಿಲುಬು ಹಿಡಿಯುತ್ತೆ. 185 ವೋಲ್ಟ್ ಬಗ್ಗೆ, ಚಾರ್ಜರ್ ಲೇಬಲ್‌ಲ್ಲಿ ಇನ್‌ಪುಟ್ ಎಷ್ಟರಿಂದ ಎಷ್ಟು ಅಂತ ಬರ್ದಿರುತ್ತೆ ನೋಡಿ, 185 ಅದರೊಳಗೆ ಬಂದ್ರೆ ತೊಂದ್ರೆ ಇಲ್ಲ. ಟ್ರಾನ್ಸ್‌ಫಾರ್ಮರ್ ಇರೋ ಹಳೇ ಟೈಪ್ ಆದ್ರೆ ಔಟ್‌ಪುಟ್ಟೂ ಇಳಿಯುತ್ತೆ.

ಕೊಪ್ಪದ ಹುಡುಗ:
ಮಧ್ಯ ಬಾಯಿ ಹಾಕ್ತೀನಿ ಅಣ್ಣ, 230 ವೋಲ್ಟ್ ಕಡೇದು ಯಾರೂ ಕೇಳ್ಲಿಲ್ಲ. ಗಾಡಿ ತಗಡಿನ ಡಬ್ಬ, ಟೈರ್ ಮೇಲೆ ನಿಂತಿದೆ, ಅಂಗಳ ಪೂರ್ತಿ ನೀರು. ಚಾರ್ಜರ್ ಒಳಗೆ ಲೀಕ್ ಆಗಿ ಅರ್ಥಿಂಗ್ ಸರಿ ಇಲ್ದಿದ್ರೆ ಕೆಳಗೆ ನಿಂತು ಬಾಗಿಲು ಮುಟ್ಟಿದವ್ರಿಗೆ ಶಾಕ್. ಗಾಡಿ ಒಳಗೆ ಕರೆಂಟ್ ಬಂದ ಜಾಗದಲ್ಲೇ 30 ಮಿಲಿ ಆಂಪ್ಸ್ ಆರ್‌ಸಿಸಿಬಿ, (ಲೀಕ್ ಆದ್ರೆ ಕಟ್ ಮಾಡೋ ಸ್ವಿಚ್), ಆಮೇಲೆ 6 ಆಂಪ್ಸ್ ಎಂಸಿಬಿ (ಕರೆಂಟ್ ಜಾಸ್ತಿ ಹೋದ್ರೆ ಕಟ್ ಮಾಡೋದು) ಹಾಕ್ಸಿ, ಅರ್ಥ್ ವೈರ್ ಬಾಡಿಗೂ ಬೋಲ್ಟ್ ಆಗ್ಬೇಕು. ಚಾರ್ಜರ್ ಎಳೆಯೋದು ಬರೀ ಒಂದೂವರೆ ಎರಡು ಆಂಪ್ಸ್, ಅದಕ್ಕೆ 6ರದ್ದು ಸಾಕು. ಹೋದಲ್ಲೆಲ್ಲ ಸಾಕೆಟ್‌ನ ಫೇಸ್‌ಗೂ ಅರ್ಥ್‌ಗೂ ಮೀಟರ್ ಇಟ್ಟು ನೋಡಿ, ಫೇಸ್-ನ್ಯೂಟ್ರಲ್‌ನಷ್ಟೇ ಬರ್ಬೇಕು, ಏನೂ ಬರ್ಲಿಲ್ಲ ಅಂದ್ರೆ ಅಲ್ಲಿ ಪ್ಲಗ್ ಹಾಕ್ಲೇಬೇಡಿ. ಈ ಕೆಲಸ ಲೈಸೆನ್ಸ್ ಇರೋ ಎಲೆಕ್ಟ್ರಿಷಿಯನ್ ಕೈಲೇ ಮಾಡ್ಸಿ.

ಮತ್ತೆ ಟ್ಯೂಬುಲರ್ ಚಾರ್ಜ್ ಆಗೋವಾಗ ಹೈಡ್ರೋಜನ್ ಬಿಡುತ್ತೆ, ಗಾಳೀಲಿ 4 ಪರ್ಸೆಂಟ್ ಆದ್ರೆ ಕಿಡಿಗೆ ಹತ್ಕೊಳ್ಳುತ್ತೆ. ಮಳೆ ಅಂತ ಕಿಟಕಿ ಎಲ್ಲ ಮುಚ್ಚಿ ಮಲಗ್ತೀವಲ್ಲ, ಅದಕ್ಕೆ ಬ್ಯಾಟರಿ ಮುಚ್ಚಿದ ಪೆಟ್ಟಿಗೇಲಿ ಇರ್ಲಿ, ಪೆಟ್ಟಿಗೆ ಮೇಲ್ಭಾಗದಿಂದ ಪೈಪ್ ಹೊರಗೆ ಹೋಗ್ಲಿ. ಚಾರ್ಜರ್ ಅದರ ಮೇಲೆ ಇಡ್ಬೇಡಿ.

ಮಳೆಗಾಡಿ:
ಎರಡೂ ಕಡೆ 10 ಎಂಎಂ ಎಳ್ಸಾಯ್ತು, ಫ್ಯೂಸ್ ಆರ್‌ಸಿಸಿಬಿ ಪೈಪ್ ಎಲ್ಲಾ ಆಯ್ತು. ಈಗ ಚಾರ್ಜರ್ 14.4 ಇದ್ದಾಗ ಬ್ಯಾಟರಿ ಮೇಲೆ 14.1, ಹಸಿರು ಲೈಟ್ ಬರೋಕೆ ಇಡೀ ರಾತ್ರಿ ಬೇಕು. ಎಲ್ಲಾ ಬಿಚ್ಚಿ ಅರ್ಧ ದಿನ ಬಿಟ್ಟು ನೋಡಿದ್ರೆ 12.7 ನಿಂತಿದೆ. ಫ್ರಿಜ್ ಬೆಳಗಿನವರೆಗೂ ಓಡ್ತು. ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಇನ್ವರ್ಟರ್ ಒಂದು ಹಾಕ್ಬೇಕು ಅಂತಿದೀನಿ, ಅದರ ಔಟ್‌ಪುಟ್ ಒಳಗಿನ ಅದೇ ಸಾಕೆಟ್‌ಗಳಿಗೆ ಕೊಡ್ಬೋದಾ?

ವೈರ್‌ಮನ್, ಸಾಗರ:
ಚೇಂಜ್‌ಓವರ್ ಸ್ವಿಚ್ (ಎರಡರಲ್ಲಿ ಒಂದನ್ನೇ ಜೋಡ್ಸೋದು) ಇಲ್ದೆ ಕೊಡ್ಲೇಬೇಡಿ, ಹೊರಗಿನ ಕರೆಂಟೂ ಇನ್ವರ್ಟರೂ ಒಂದೇ ಸಾಕೆಟ್‌ಲ್ಲಿ ಸೇರ್ಬಾರ್ದು. ಚಾರ್ಜರ್‌ದು ಚೇಂಜ್‌ಓವರ್‌ಗಿಂತ ಮೊದಲೇ, ಹೊರಗಿನ ಲೈನಿಗೆ ಮಾತ್ರ ಕನೆಕ್ಷನ್ ಇರ್ಲಿ. ಇಲ್ಲಾಂದ್ರೆ ಇನ್ವರ್ಟರ್ ಬ್ಯಾಟರಿಯಿಂದ ತಗೊಂಡು ಚಾರ್ಜರ್‌ಗೆ ಕೊಟ್ಟು, ಚಾರ್ಜರ್ ಅದನ್ನೇ ವಾಪಸ್ ಬ್ಯಾಟರಿಗೆ ಕೊಟ್ಟು, ಸುತ್ತಾಡಿ ಸುತ್ತಾಡಿ ಎಲ್ಲಾ ಶಾಖ ಆಗಿ ಹೋಗುತ್ತೆ. ಇನ್ನು ಬ್ಯಾಟರಿಗೆ ಪೂರ್ತಿ ವೋಲ್ಟೇಜ್ ಸಿಗ್ತಿರೋದ್ರಿಂದ ನೀರು ಮೊದಲಿಗಿಂತ ಬೇಗ ಇಳಿಯುತ್ತೆ, ತಿಂಗಳಿಗೊಮ್ಮೆ ನೀರಿನ ಮಟ್ಟ ತೋರ್ಸೋ ಫ್ಲೋಟ್ ಕಡ್ಡಿ ನೋಡಿ ಡಿಸ್ಟಿಲ್ಡ್ ವಾಟರ್ ಹಾಕಿ, ಬಾವಿ ನೀರಾಗ್ಲಿ ನಲ್ಲಿ ನೀರಾಗ್ಲಿ ಬೇಡ.