ಮಾನಕ ಎರಡಿದ್ದಾಗ ‘ಸಮಾನ’ ಎನ್ನಬಹುದೇ?

ಬಲ್ಲವರಲ್ಲಿ ಒಂದು ವಿಚಾರಣೆ. ಪುಣೆಯ ಭೋಸರಿಯಲ್ಲಿ ಯಂತ್ರಭಾಗಗಳ ವಿನ್ಯಾಸ ಮಾಡುವುದು ನನ್ನ ಕೆಲಸ. ರಜೆಯ ದಿನಗಳಲ್ಲಿ ಇಲ್ಲಿನ ಇಬ್ಬರು ಕನ್ನಡಿಗ ಗೆಳೆಯರೊಂದಿಗೆ ಕುಳಿತು ಫ್ರೀಕ್ಯಾಡ್ ಎಂಬ, ಯಂತ್ರಭಾಗಗಳ ನಕ್ಷೆ ಮಾಡುವ ಮುಕ್ತ ತಂತ್ರಾಂಶದ ಪದಗಳನ್ನು ಕನ್ನಡಕ್ಕೆ ತರುತ್ತಿದ್ದೇನೆ. ನೂರಾರು ಪದಗಳು ಸಲೀಸಾಗಿ ದಾಟಿದವು. ‘ಸ್ಟ್ಯಾಂಡರ್ಡ್’, ‘ಈಕ್ವಿವಲೆಂಟ್’ ಎಂಬ ಎರಡರ ಮುಂದೆ ಮಾತ್ರ ಮೂರು ವಾರದಿಂದ ನಿಂತಿದ್ದೇವೆ.

ನನ್ನ ಮೇಜಿನ ಮೇಲೆ ಈಗ ಎರಡು ಬೋಲ್ಟುಗಳಿವೆ. ಎರಡೂ ಎಂ 10, ಅಂದರೆ 10 ಮಿಲಿಮೀಟರ್ ವ್ಯಾಸದವು. ಒಂದೇ ನಟ್ಟು ಎರಡಕ್ಕೂ ಕೂರುತ್ತದೆ. ಆದರೆ ಒಂದರ ತಲೆಗೆ 17ರ ಪಾನಾ ಬೇಕು, ಇನ್ನೊಂದಕ್ಕೆ 16ರದು. ಹದಿನೇಳರದು ಜರ್ಮನಿಯ ಡಿನ್ 933ರ ಪ್ರಕಾರ ಮಾಡಿದ್ದು, ಹದಿನಾರರದು ಅಂತರರಾಷ್ಟ್ರೀಯ ಐಎಸ್‌ಒ 4017ರ ಪ್ರಕಾರ. ಎರಡೂ ಸರಿಯೇ. ಅಂಗಡಿಯಲ್ಲಿ ಎರಡೂ ಸಿಗುತ್ತವೆ, ತಂತ್ರಾಂಶದ ಪಟ್ಟಿಯಲ್ಲೂ ಎರಡಕ್ಕೂ ಜಾಗವಿದೆ. ಆ ಪಟ್ಟಿಯ ತಲೆಬರಹಕ್ಕೆ ಏನೆಂದು ಬರೆಯಬೇಕು?

‘ಮಾನದಂಡ’ ಎಂದು ಮೊದಲು ಬರೆದೆವು. ದಂಡ ಎಂದರೆ ಕೋಲು. ಒಂದು ಅಳತೆಗೋಲು ಇದೆ, ಉಳಿದದ್ದನ್ನೆಲ್ಲ ಅದರಿಂದ ಅಳೆಯುತ್ತೇವೆ ಎಂಬ ಭಾವ ಆ ಪದದಲ್ಲಿದೆ. ಆಯ್ಕೆಯ ಮಾನದಂಡ, ಅರ್ಹತೆಯ ಮಾನದಂಡ ಎನ್ನುವಾಗ ಅದು ಚೆನ್ನ. ಕೋಲುಗಳೇ ನಾಲ್ಕಾಗಿ ಒಂದಕ್ಕೊಂದು ಹೊಂದದಿರುವಾಗ ಆ ಪದ ಬಳಲುತ್ತದೆ. ‘ಶಿಷ್ಟತೆ’ ಕಂಪ್ಯೂಟರಿನ ಕನ್ನಡದಲ್ಲಿ ಈಗಾಗಲೇ ಓಡಾಡುತ್ತಿದೆ. ಆದರೆ ಒಂದನ್ನು ಶಿಷ್ಟ ಎಂದ ಕೂಡಲೇ ಇನ್ನೊಂದು ಅಶಿಷ್ಟವಾಗುತ್ತದೆ. 17ರ ತಲೆಯ ಬೋಲ್ಟು ಮಾಡಿದ ಅಪರಾಧವಾದರೂ ಏನು? ಮರಾಠಿ ಸಹೋದ್ಯೋಗಿಗಳು ‘ಪ್ರಮಾಣ’ ಎನ್ನಿ ಎಂದರು. ಅವರಿಗೆ ಪ್ರಮಾಣ ಭಾಷೆ, ಪ್ರಮಾಣ ವೇಳೆ ಎಲ್ಲ ಸಹಜ. ನಮ್ಮ ಕಿವಿಗೆ ಪ್ರಮಾಣ ಎಂದರೆ ಉಪ್ಪಿನ ಪ್ರಮಾಣ, ಇಲ್ಲವೇ ಮಂತ್ರಿಗಳು ಸ್ವೀಕರಿಸುವ ಪ್ರಮಾಣ. ತಂತ್ರಾಂಶದ ಸಾಮಗ್ರಿ ವಿವರದಲ್ಲಿ ಸಾಂದ್ರತೆಯ ಪಕ್ಕ ಆ ಪದವನ್ನಿಟ್ಟರೆ ಓದುವವನು ಎಷ್ಟು ಕಿಲೋ ಎಂದು ಕೇಳುತ್ತಾನೆ. ಜೀವನಮಟ್ಟದ ‘ಮಟ್ಟ’ವನ್ನೂ ಯೋಚಿಸಿದೆವು, ‘ನಾರ್ಮ್’ ಎಂಬ ಪದದ ಲ್ಯಾಟಿನ್ ಬೇರಿಗೆ ಬಡಗಿಯ ಮೂಲೆಮಟ್ಟ ಎಂದೇ ಅರ್ಥವಂತೆ ಎಂದು ತಿಳಿದು ಸಂತೋಷವಾಯಿತು. ಆದರೂ ಕನ್ನಡದಲ್ಲಿ ಮಟ್ಟ ಎಂದರೆ ಮೇಲು ಕೀಳಿನ ಲೆಕ್ಕ ಬಂದೇ ಬರುತ್ತದೆ.

ನನ್ನ ಮನಸ್ಸು ಎಳೆದದ್ದು ‘ಕಟ್ಟಳೆ’ಯತ್ತ. ಅದಕ್ಕೊಂದು ಕಾರಣವಿದೆ. ಉಕ್ಕಿನ ಯಂಗ್ ಗುಣಾಂಕವನ್ನು (ಎಳೆತಕ್ಕೆ ಅದು ಎಷ್ಟು ಬಿಗಿಯಾಗಿ ನಿಲ್ಲುತ್ತದೆ ಎಂಬ ಅಳತೆ) ಉಕ್ಕಿನ ಕಟ್ಟಡಗಳಿಗೆ ನಮ್ಮ ದೇಶದವರು ಮಾಡಿಕೊಂಡ ಐಎಸ್ 800 ಚದರ ಮಿಲಿಮೀಟರಿಗೆ 2,00,000 ನ್ಯೂಟನ್ ಎಂದು ಹಿಡಿಯುತ್ತದೆ. ಯುರೋಪಿನವರ ಯೂರೋಕೋಡ್ 3 ಅದನ್ನೇ 2,10,000 ಎನ್ನುತ್ತದೆ. ಸಮುದ್ರ ದಾಟಿದ ಮಾತ್ರಕ್ಕೆ ಉಕ್ಕು ಗಡುಸಾಗುವುದಿಲ್ಲ. ಲೆಕ್ಕಕ್ಕೆ ಯಾವ ಅಂಕಿ ಹಿಡಿಯಬೇಕೆಂದು ಆಯಾ ನಾಡಿನವರು ಕೂಡಿ ಗೊತ್ತುಮಾಡಿಕೊಂಡಿದ್ದಾರೆ, ಅಷ್ಟೆ. ಜನ ಕೂಡಿ ಕಟ್ಟಿಕೊಂಡದ್ದು ಕಟ್ಟಳೆ; ಊರಿಗೊಂದು ಸೇರು, ಊರಿಗೊಂದು ಕೊಳಗ ಇದ್ದ ಹಾಗೆ. ಆದರೆ ಗೆಳೆಯರು ಒಪ್ಪಲಿಲ್ಲ. ಕಟ್ಟಳೆ ಎಂದರೆ ಮಠದ ಕಟ್ಟಳೆ, ಜಾತಿಯ ಕಟ್ಟಳೆ, ಮೀರಿದರೆ ದಂಡ ಎಂಬುದೇ ಮೊದಲು ಹೊಳೆಯುತ್ತದೆ ಎಂದರು. ಆ ಮಾತೂ ನಿಜ. ಕೊನೆಗೆ ‘ಮಾನಕ’ಕ್ಕೆ ಬಂದು ನಿಂತೆವು. ಭಾರತೀಯ ಮಾನಕ ಬ್ಯೂರೋ ಎಂಬ ಹೆಸರಿನಲ್ಲಿ ಅದು ಮೊದಲೇ ಇದೆ, ‘ಮಾನಕಗಳು’ ಎಂದು ಬಹುವಚನ ಮಾಡಿದರೂ ಎಡವುವುದಿಲ್ಲ. ಇದಕ್ಕಿಂತ ಒಳ್ಳೆಯದಿದ್ದರೆ ತಿಳಿಸಿ, ಬದಲಾಯಿಸುತ್ತೇವೆ.

ನಿಜವಾದ ತೊಡಕು ಎರಡನೆಯ ಪದವಾದ ‘ಈಕ್ವಿವಲೆಂಟ್’ನದು.

ಒಂದು ಮಾನಕದ ಉಕ್ಕಿಗೆ ಇನ್ನೊಂದು ಮಾನಕದಲ್ಲಿ ಹತ್ತಿರವಾದ ದರ್ಜೆ ಯಾವುದು ಎಂದು ತೋರಿಸುವ ಪಟ್ಟಿಯೊಂದನ್ನು ನಮ್ಮ ಬಳಕೆಗೆ ಮಾಡಿಕೊಂಡಿದ್ದೆ. ಅದರ ತಲೆಬರಹ ‘ಸಮಾನ ದರ್ಜೆ’. ಯುರೋಪಿನ ಎಸ್ 275ರ ಎದುರಿಗೆ ನಮ್ಮ ಐಎಸ್ 2062ರ ಇ 250 ಬರೆದಿದ್ದೆ. 25 ಮಿಲಿಮೀಟರ್ ದಪ್ಪದ ತಟ್ಟೆಗೆ ನಕ್ಷೆಯಲ್ಲಿ ಎಸ್ 275 ಎಂದಿತ್ತು. ಇಂಡಿ ಕಡೆಯ ಹುಡುಗನೊಬ್ಬ ಪಟ್ಟಿ ನೋಡಿ ಇ 250 ತರಿಸಿದ. ಆ ದಪ್ಪದಲ್ಲಿ ಎಸ್ 275ರ ಮಣಿತದ ಮಿತಿ ಚದರ ಮಿಲಿಮೀಟರಿಗೆ 265 ನ್ಯೂಟನ್, ಇ 250ರದು 240. (ಮಣಿತದ ಮಿತಿ ಎಂದರೆ ಉಕ್ಕು ಹಳೆಯ ಆಕಾರಕ್ಕೆ ಮರಳದಂತೆ ಬಾಗತೊಡಗುವ ಒತ್ತಡ. ಕೆಲವರು ಇದನ್ನು ‘ಇಳುವರಿ ಸಾಮರ್ಥ್ಯ’ ಎಂದು ಬರೆಯುತ್ತಾರೆ. ಇಳುವರಿ ಹೊಲಕ್ಕೆ ಸೇರಿದ್ದು, ದಯವಿಟ್ಟು ಅಲ್ಲೇ ಇರಲಿ.) ಮಾಲಿನ ಜೊತೆ ಬಂದ ಪರೀಕ್ಷಾ ಪತ್ರ ಓದುವಾಗ ಗೊತ್ತಾಯಿತು; ಪುಣ್ಯಕ್ಕೆ ಕತ್ತರಿಸಿರಲಿಲ್ಲ. ‘ಸರ್, ಸಮಾನ ಎಂದು ನೀವೇ ಬರೆದಿದ್ದೀರಲ್ಲ’ ಎಂದ ಹುಡುಗ. ಅವನು ಕನ್ನಡವನ್ನು ಸರಿಯಾಗಿ ಓದಿದ್ದ. ತಪ್ಪು ನನ್ನ ಪದದ್ದು.

ಸಮ ಎಂಬುದು ಎರಡೂ ಕಡೆಯಿಂದ ಸಮ. ಇದು ಅದಕ್ಕೆ ಸಮವಾದರೆ ಅದೂ ಇದಕ್ಕೆ ಸಮವಾಗಲೇಬೇಕು. ಉಕ್ಕಿನ ನಂಟು ಹಾಗಿಲ್ಲ. ಮಣಿತದ ಮಿತಿಯ ಮಟ್ಟಿಗೆ ಇ 250 ಕೇಳಿದಲ್ಲಿ ಎಸ್ 275 ಆಗುತ್ತದೆ, ಎಸ್ 275 ಕೇಳಿದಲ್ಲಿ ಇ 250 ಆಗುವುದಿಲ್ಲ. ತಂತ್ರಾಂಶವೂ ಇದನ್ನು ಅರಿತಿದೆ. 2024ರ ನವೆಂಬರಿನಲ್ಲಿ ಬಂದ 1.0 ಆವೃತ್ತಿಯಲ್ಲಿ ಪ್ರತಿಯೊಂದು ಸಾಮಗ್ರಿಗೂ ಅದರದೇ ಚೀಟಿ, ಆ ಚೀಟಿಗೆ ಅದರದೇ ಗುರುತಿನ ಸಂಖ್ಯೆ. ಎರಡು ಮಾನಕದ ಉಕ್ಕುಗಳು ಅಕ್ಕಪಕ್ಕ ಇರಬಲ್ಲವು, ಒಂದರೊಳಗೊಂದು ಕಲಸಿಹೋಗುವುದಿಲ್ಲ. ಕಲಸಿದ್ದು ನನ್ನ ಅನುವಾದ.

‘ಬದಲಿ’ ಎನ್ನೋಣ ಎಂದರು ಧಾರವಾಡದ ಗೆಳೆಯರು. ಬದಲಿಗೆ ಬಂದದ್ದು ಹೊಂದುತ್ತದೆಂಬ ಭರವಸೆ ಆ ಪದದಲ್ಲಿಲ್ಲ. ನನಗೆ ಹೊಳೆದದ್ದು ‘ಸಲ್ಲು’. ನಾಣ್ಯ ಸಲ್ಲುತ್ತದೆ, ಹರಿದ ನೋಟು ಸಲ್ಲುವುದಿಲ್ಲ. ಸಲ್ಲುವುದು ಎಂದೊಡನೆ ಎಲ್ಲಿ, ಯಾವುದಕ್ಕೆ ಎಂಬ ಪ್ರಶ್ನೆ ಹುಟ್ಟುತ್ತದೆ, ಮತ್ತು ಅದರ ದಾರಿ ಒಂದೇ ಕಡೆಗೆ. ‘ಇ 250ಕ್ಕೆ ಎಸ್ 275 ಸಲ್ಲುತ್ತದೆ’ ಎಂದರೆ ತಿರುಗುಮುರುಗು ಓದಲು ಬರುವುದಿಲ್ಲ. ಪಟ್ಟಿಯ ತಲೆಬರಹ ‘ಸಲ್ಲುವ ದರ್ಜೆ’ ಎಂದು ಸದ್ಯಕ್ಕೆ ತಿದ್ದಿದ್ದೇನೆ.

ಜೊತೆಗೊಂದು ಚಿಕ್ಕ ಸಂದೇಹ. ಇಲ್ಲಿನ ಲೇತ್ ಅಂಗಡಿಗಳಲ್ಲಿ ‘ಇಎನ್ ಎಂಟು’ ಎಂದರೆ ಬ್ರಿಟನ್ನಿನ ಹಳೆಯ ಬಿಎಸ್ 970 ಪಟ್ಟಿಯ ಉಕ್ಕು. ಎಸ್ 275 ಇರುವ ‘ಇಎನ್ 10025’ರ ಇಎನ್ ಯುರೋಪಿನ ಮಾನಕದ್ದು. ಅಕ್ಷರ ಒಂದೇ, ವಂಶ ಬೇರೆ. ಕನ್ನಡದಲ್ಲಿ ಬರೆಯುವಾಗ ಎರಡನೆಯದನ್ನು ‘ಯುರೋ ಮಾನಕ 10025’ ಎಂದು ಬಿಡಿಸಿ ಬರೆದರೆ ತಪ್ಪಾದೀತೇ?

ಇನ್ನು ಮುಖ್ಯವಾದ ಪ್ರಶ್ನೆ. ಕೇಳಿದ ಮಾಲು ಇಲ್ಲದಿದ್ದಾಗ ಪುಣೆಯ ಅಂಗಡಿಯವರು ಇನ್ನೊಂದನ್ನು ಮುಂದಿಟ್ಟು ‘ಚಾಲೇಲ್ ಕಾ?’ (ನಡೆಯುತ್ತದೆಯೇ?) ಎನ್ನುತ್ತಾರೆ. ನಾವು ‘ನಡೆಯುತ್ತದೆ’ ಎನ್ನುತ್ತೇವೆ. ನಿಮ್ಮ ಕಡೆಯ ಕಮ್ಮಾರರು, ಬಡಗಿಗಳು, ಗೌಂಡಿಗಳು ಹೀಗೆ ನಡೆಯುವ ವಸ್ತುವಿಗೆ ಹೆಸರನ್ನೇನಾದರೂ ಇಟ್ಟುಕೊಂಡಿದ್ದಾರೆಯೇ? ಸಾಗುವಾನಿ ಸಿಗದಾಗ ಅದರ ಜಾಗಕ್ಕೆ ಬರುವ ಮರವನ್ನು ಒಂದೇ ಪದದಲ್ಲಿ ಏನೆನ್ನುತ್ತಾರೆ?