ಅಪ್‌ಡೇಟ್: ಪಾಠ ಮಾಡಿಕೊಂಡೇ ಆನ್‌ಲೈನ್ ಎಂ.ಎ.

ಚಿಂತಾಮಣಿ ಕಡೆಯ ಶಾಲೆಯ ಕೆಲಸ ಬಿಡದೆ ಆನ್‌ಲೈನ್‌ನಲ್ಲಿ ಎಂ.ಎ. ಮಾಡಬಹುದೇ ಎಂದು ಕೇಳಿದ್ದೆ. ಇಗ್ನೋದಲ್ಲಿ (ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯ) ಪ್ರವೇಶ ಆಯಿತು. ಉತ್ತರಿಸಿದ ಮೇಷ್ಟ್ರು, ಮೇಡಂಗಳಿಗೆಲ್ಲ ವಂದನೆ.

ಅರ್ಜಿಗೂ ಮೊದಲು ಡಿಇಬಿ ಐಡಿ (ವಿಶ್ವವಿದ್ಯಾಲಯ ಅನುದಾನ ಆಯೋಗ, ಅಂದರೆ ಯುಜಿಸಿಯ ದೂರಶಿಕ್ಷಣ ವಿಭಾಗದ ಗುರುತಿನ ಸಂಖ್ಯೆ) ಬೇಕು. ಅದಕ್ಕೆ 12 ಅಂಕಿಯ ಎಬಿಸಿ ಐಡಿ (ಓದಿನ ಕ್ರೆಡಿಟ್‌ಗಳನ್ನು ಜಮಾ ಇಡುವ ಖಾತೆಯ ಸಂಖ್ಯೆ) ಬೇಕು, ಅದು ಸರ್ಕಾರದ ದಾಖಲೆ ಆ್ಯಪ್ ಡಿಜಿಲಾಕರ್‌ನಲ್ಲಿ ಸಿಗುತ್ತದೆ. ತೊಡಕೆಲ್ಲ ಹೆಸರಿನದು: ನಮ್ಮ ಕಡೆ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಬರೀ ಇನಿಷಿಯಲ್, ಆಧಾರ್‌ನಲ್ಲಿ ಅಪ್ಪನ ಹೆಸರು ಪೂರ್ತಿ. ಮೊದಲು ಅದನ್ನು ಹೊಂದಿಸಿಕೊಳ್ಳಿ. ಒಟಿಪಿ ಬರುವುದು ಆಧಾರ್‌ಗೆ ಜೋಡಿಸಿದ ಮೊಬೈಲಿಗೇ. ಹಳೇ ಸಿಮ್ ಎಸೆದಿದ್ದರೆ ಅಲ್ಲೇ ಸಿಕ್ಕಿಕೊಳ್ಳುತ್ತೀರಿ.

ಅಸೈನ್‌ಮೆಂಟ್‌ಗೆ ಶೇ. 30, ಪರೀಕ್ಷೆಗೆ ಶೇ. 70. ಎರಡರಲ್ಲೂ ಬೇರೆ ಬೇರೆಯಾಗಿ ಶೇ. 40 ಬರಬೇಕು, ಒಂದರ ಹೆಚ್ಚಳ ಇನ್ನೊಂದರ ಕೊರತೆ ತುಂಬದು. ಪರೀಕ್ಷೆ ಜೂನ್, ಡಿಸೆಂಬರ್‌ನಲ್ಲಿ: ಒಂದು ಶಾಲೆ ಶುರುವಾಗುವ ಗಡಿಬಿಡಿ, ಇನ್ನೊಂದು ಪ್ರವಾಸದ ಕಾಲ. ಹಾಗಾಗಿ ಅಸೈನ್‌ಮೆಂಟ್‌ಗಳನ್ನು ಬೇಸಿಗೆ ಮತ್ತು ದಸರಾ ರಜೆಯಲ್ಲೇ ಬರೆದು ಮುಗಿಸುವುದು ವಾಸಿ. ಪ್ರವೇಶ ಶುಲ್ಕ ಕಟ್ಟಿದ ಮಾತ್ರಕ್ಕೆ ಪರೀಕ್ಷೆಗೆ ಕೂರಿಸುವುದಿಲ್ಲ. ಪರೀಕ್ಷಾ ಅರ್ಜಿ, ಅದರ ಶುಲ್ಕ ಬೇರೆಯೇ.

ಸರ್ಕಾರಿ ಶಾಲೆಯವರು ಪ್ರವೇಶಕ್ಕೆ ಮೊದಲೇ ಮುಖ್ಯ ಶಿಕ್ಷಕರ ಮೂಲಕ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಅನುಮತಿ ಅರ್ಜಿ ಕೊಡಿ, ಸ್ವೀಕೃತಿ ಇಟ್ಟುಕೊಳ್ಳಿ. ಮುಂದೆ ಪಿಎಚ್.ಡಿ.ಯನ್ನೂ ಹೀಗೇ ಮಾಡೋಣ ಅನ್ನುವವರಿಗೆ: ಆನ್‌ಲೈನ್ ಪಿಎಚ್.ಡಿ.ಗೆ ಯುಜಿಸಿ ಮಾನ್ಯತೆ ಇಲ್ಲ.